ಬೆಟ್ಟಕ್ಕೆ ಒಯ್ಯುವ ಟ್ರೈಪಾಡ್: ತೂಕ ಕೇಳುವ ಮೊದಲು ಕಾಲು ನೋಡಿ

ಮಳೆ ಕಡಿಮೆಯಾಗುತ್ತಾ ಬಂದ ಹಾಗೆ ನನಗೆ ಫೋನ್ ಶುರುವಾಗುತ್ತದೆ. "ಸರ್, ತಡಿಯಂಡಮೋಳ್‌ಗೆ ಹೊರಟಿದ್ದೀವಿ. ಒಂದು ಕೆ.ಜಿ. ಒಳಗಿನ ಟ್ರೈಪಾಡ್ ಯಾವುದಾದ್ರೂ ಹೇಳಿ." ಕೇಳುವುದರಲ್ಲಿ ತಪ್ಪಿಲ್ಲ. ಕೊಡಗಿನ 1,748 ಮೀಟರ್ ಎತ್ತರದ ಬೆಟ್ಟ ಅದು, ಕೊನೆಯ ಏರು ಚೆನ್ನಾಗಿಯೇ ಬೆವರಿಳಿಸುತ್ತದೆ. ಅಲ್ಲಿ ಬೆನ್ನ ಮೇಲಿನ ಅರ್ಧ ಕೆ.ಜಿ.ಯೂ ಲೆಕ್ಕಕ್ಕೆ ಬರುತ್ತದೆ. ಆದರೆ ನಾನು ತೂಕದಿಂದ ಶುರು ಮಾಡುವುದಿಲ್ಲ. ಕಾಲಿನ ಕೊನೆಯ ಕೊಳವೆ ಎಷ್ಟು ದಪ್ಪ ಇದೆ ಅಂತ ಕೇಳುತ್ತೇನೆ.

ಇದನ್ನು ನಾನು ಕಲಿತದ್ದು ಮಲ್ಲಳ್ಳಿ ಜಲಪಾತದಲ್ಲಿ. ಆಗ ನನ್ನ ಹತ್ತಿರ ಐದು ಭಾಗದ ಕಾಲಿನ ಪುಟ್ಟ ಟ್ರೈಪಾಡ್ ಇತ್ತು. ಮಡಚಿದರೆ ಬ್ಯಾಗಿನೊಳಗೇ ಹೋಗುತ್ತಿತ್ತು. ಮೆಟ್ಟಿಲಿಳಿದು ಹೋಗಿ, ಕಾಲುಗಳನ್ನು ಪೂರ್ತಿ ಎಳೆದು, ಸಾಲದು ಅಂತ ನಡುವಿನ ಕಂಬವನ್ನೂ ಎತ್ತಿ ನಿಲ್ಲಿಸಿದೆ. ಶಟರ್ ಅರ್ಧ ಸೆಕೆಂಡ್ ತೆರೆದಿರುವ ಹಾಗೆ ಇಟ್ಟೆ. ಕ್ಯಾಮೆರಾದ ಸ್ಕ್ರೀನ್‌ನಲ್ಲಿ ಎಲ್ಲ ಚೆನ್ನಾಗಿಯೇ ಕಂಡಿತು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ, ನೀರು ಹಾಲಿನಂತೆ ಹರಿದಿದೆ, ಆದರೆ ಪಕ್ಕದ ಬಂಡೆಯ ಅಂಚು ಎರಡೆರಡಾಗಿದೆ. ಜಲಪಾತದ ಎದುರು ಗಾಳಿ ಒಂದೇ ಸಮನೆ ಬಡಿಯುತ್ತಿರುತ್ತದೆ. ಸಣ್ಣ ಕಾಲು ಅದಕ್ಕೆ ನಡುಗುತ್ತಲೇ ಇತ್ತು, ನನ್ನ ಕಣ್ಣಿಗೆ ಕಾಣಲಿಲ್ಲ ಅಷ್ಟೆ.

ಲೆಕ್ಕ ಸರಳ. ಮೇಲಿನ ಕೊಳವೆ 25 ಮಿ.ಮೀ. ಇದ್ದರೆ, ಒಂದರೊಳಗೊಂದು ಜಾರಬೇಕಾದ್ದರಿಂದ ಪ್ರತಿ ಭಾಗಕ್ಕೂ ಸುಮಾರು 3 ಮಿ.ಮೀ. ಇಳಿಯುತ್ತದೆ. ನಾಲ್ಕು ಭಾಗದ ಕಾಲಿನಲ್ಲಿ ಕೊನೆಯದು 16 ಮಿ.ಮೀ., ಐದು ಭಾಗದ್ದರಲ್ಲಿ 13. ಮೂರೇ ಮಿ.ಮೀ. ಅಲ್ವಾ ಅನ್ನಿಸಬಹುದು. ಆದರೆ ಅದೇ ಲೋಹ, ಅದೇ ಗೋಡೆಯ ದಪ್ಪ ಇದ್ದರೆ ಬಾಗದೆ ನಿಲ್ಲುವುದರಲ್ಲಿ 13ರ ಕೊಳವೆಯ ಬಿಗುವು 16ರದ್ದಕ್ಕಿಂತ ಹೆಚ್ಚುಕಡಿಮೆ ಅರ್ಧ. ಹಾಗಾಗಿ ಬೆಟ್ಟ, ಜಲಪಾತ ಅಂತ ತಿರುಗುವವರಿಗೆ ನಾನು ಹೇಳುವುದು ನಾಲ್ಕು ಭಾಗದ ಕಾಲು, ಹೆಡ್ (ಕಾಲುಗಳ ಮೇಲೆ ಕ್ಯಾಮೆರಾ ಹಿಡಿಯುವ ಭಾಗ) ಸೇರಿ ಒಂದೂಕಾಲರಿಂದ ಒಂದೂವರೆ ಕೆ.ಜಿ., ಮಡಚಿದಾಗ 40ರಿಂದ 45 ಸೆಂ.ಮೀ. ಬ್ಯಾಗಿನ ಪಕ್ಕದ ಜೇಬಿಗೆ ಅದು ಆರಾಮಾಗಿ ಕೂರುತ್ತದೆ.

ಡಬ್ಬಿಯ ಮೇಲೆ '8 ಕೆ.ಜಿ. ತಡೆಯುತ್ತದೆ' ಅಂತ ಬರೆದಿದ್ದರೆ ಅದನ್ನೇ ನಂಬಿ ಕೊಳ್ಳಬೇಡಿ. ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತದೆ. ಅಷ್ಟು ಭಾರಕ್ಕೆ ಕುಸಿಯುವುದಿಲ್ಲ ಅನ್ನುವುದಷ್ಟೇ ಅದರ ಅರ್ಥ. ಅಲುಗುವುದಿಲ್ಲ ಅಂತ ಅಲ್ಲ. ಅಂಗಡಿಯಲ್ಲಿ ನೀವೇ ಪರೀಕ್ಷೆ ಮಾಡಿ. ಕಾಲು ಪೂರ್ತಿ ಎಳೆದು, ನಿಮ್ಮ ಅತಿ ಭಾರದ ಲೆನ್ಸ್ ಹಾಕಿ ಕ್ಯಾಮೆರಾ ಕೂರಿಸಿ. ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಸ್ಕ್ರೀನ್ ಮೇಲೆ ನೇರವಾಗಿ ನೋಡುತ್ತಾ, ದೂರದ ಬೋರ್ಡಿನ ಅಕ್ಷರವನ್ನು ಹತ್ತು ಪಟ್ಟು ದೊಡ್ಡದು ಮಾಡಿ. ಈಗ ಒಂದು ಕಾಲನ್ನು ಬೆರಳಿನಿಂದ ತಟ್ಟಿ. ಅಕ್ಷರ ಅಲ್ಲಾಡುತ್ತದೆ, ಅದು ಸಹಜ. ಎಷ್ಟು ಬೇಗ ನಿಲ್ಲುತ್ತದೆ ಅನ್ನುವುದನ್ನು ನೋಡಿ. ಎರಡು ಸೆಕೆಂಡ್ ದಾಟಿಯೂ ಅಲುಗುತ್ತಿದ್ದರೆ ಅದನ್ನು ವಾಪಸ್ ಇಡಿ. ಬಟನ್ ಒತ್ತಿದ ನಡುಕ ನಿಲ್ಲಲಿ ಅಂತ ನೀವು ಎರಡು ಸೆಕೆಂಡಿನ ಟೈಮರ್ ಹಾಕಿದರೂ ಅದು ಸಾಲುವುದಿಲ್ಲ.

ಎತ್ತರದ ವಿಷಯದಲ್ಲಿ ನಡುವಿನ ಕಂಬವನ್ನು ಲೆಕ್ಕಕ್ಕೆ ಹಿಡಿಯಲೇಬೇಡಿ. ಅದನ್ನು ಎತ್ತಿದಿರೆಂದರೆ ಮೂರು ಕಾಲಿನ ಮೇಲೆ ಒಂದು ಕೋಲು ನಿಲ್ಲಿಸಿದ ಹಾಗೆ. ಐದೂವರೆ ಅಡಿ ಎತ್ತರದವರಿಗೆ ಬರೀ ಕಾಲೇ 125ರಿಂದ 130 ಸೆಂ.ಮೀ. ಬಂದರೆ ಸಾಕು, ಮೇಲೆ ಹೆಡ್ಡು, ಕ್ಯಾಮೆರಾ ಕೂರುತ್ತದಲ್ಲ. ನಮ್ಮ ಕಡೆ ಸಮತಟ್ಟು ನೆಲ ಸಿಗುವುದೇ ಅಪರೂಪ. ಮಾಂದಲಪಟ್ಟಿಯ ಇಳಿಜಾರಿನಲ್ಲಿ ಒಂದು ಕಾಲನ್ನು ಕೆಳಮುಖವಾಗಿ ಇನ್ನೂ ಉದ್ದ ಬಿಡಬೇಕು. ಆ ಒಂದು ಕಾಲು ಇಳಿಜಾರಿನ ಕಡೆಗೇ ಇರಲಿ, ಇಲ್ಲದಿದ್ದರೆ ಕ್ಯಾಮೆರಾ ಸಮೇತ ಮಗುಚುತ್ತದೆ. ಗಾಳಿ ಜಾಸ್ತಿ ಇದ್ದಾಗ ನಡುವಿನ ಕಂಬದ ತಳದ ಕೊಕ್ಕೆಗೆ ಬ್ಯಾಗ್ ನೇತುಹಾಕುವವರಿದ್ದಾರೆ. ಬ್ಯಾಗ್ ತೂಗಾಡಿದರೆ ಟ್ರೈಪಾಡನ್ನೂ ತೂಗಾಡಿಸುತ್ತದೆ. ಅದರ ತಳ ನೆಲಕ್ಕೆ ತಾಗುವ ಹಾಗೆ ಕಟ್ಟಿ.

ಕಾರ್ಬನ್ ಫೈಬರೋ ಅಲ್ಯೂಮಿನಿಯಮ್ಮೋ? ಇಷ್ಟು ಸಣ್ಣ ಟ್ರೈಪಾಡಿನಲ್ಲಿ ಉಳಿಯುವುದು ಹೆಚ್ಚೆಂದರೆ 300 ಗ್ರಾಂ, ಬೆಲೆ ಮಾತ್ರ ಎಷ್ಟೋ ಸಲ ಎರಡು ಪಟ್ಟು. ಕಾರ್ಬನ್ ನಡುಕವನ್ನು ಬೇಗ ಹೀರಿಕೊಳ್ಳುತ್ತದೆ, ಡಿಸೆಂಬರ್ ಬೆಳಗಿನ ಚಳಿಯಲ್ಲಿ ಕೈಗೆ ಕೊರೆಯುವುದೂ ಇಲ್ಲ. ಆದರೂ ಮೊದಲ ಟ್ರೈಪಾಡ್ ಆಗಿದ್ದರೆ ಅಲ್ಯೂಮಿನಿಯಂ ತಗೊಂಡು, ಉಳಿದ ದುಡ್ಡನ್ನು ಒಳ್ಳೆಯ ಬಾಲ್ ಹೆಡ್‌ಗೆ (ಗುಂಡಿನ ಮೇಲೆ ಎಲ್ಲ ಕಡೆಗೂ ತಿರುಗುವ ಹೆಡ್) ಹಾಕಿ. ಕ್ಯಾಮೆರಾದ ತಳಕ್ಕೆ ಬಿಗಿದು ಹೆಡ್‌ಗೆ ಸಿಕ್ಕಿಸುವ ಪ್ಲೇಟ್, ಬಹಳ ಕಂಪನಿಗಳು ಬಳಸುವ ಆರ್ಕಾ-ಸ್ವಿಸ್ ಮಾದರಿಯದ್ದಿರಲಿ. ಒಂದು ಕಳೆದುಹೋದರೆ ಇನ್ನೊಂದು ಸುಲಭವಾಗಿ ಸಿಗುತ್ತದೆ.

ಕೊಡಗಿನ ಮಳೆಗಾಲದಲ್ಲಿ ಇದನ್ನು ಬಳಸುವವರಿಗೆ ಒಂದು ಮಾತು. ಸಾಮಾನ್ಯವಾಗಿ ಕಾಲನ್ನು ಮೇಲಿನ ದಪ್ಪ ಭಾಗದಿಂದ ಎಳೆಯಬೇಕು. ತೊರೆಯಲ್ಲಿ, ಕೆಸರಿನಲ್ಲಿ ನಿಲ್ಲಿಸುವಾಗ ಮಾತ್ರ ಕೊನೆಯ ಸಣ್ಣ ಭಾಗವನ್ನು ಒಂದು ಗೇಣು ಎಳೆದು, ಆಮೇಲೆ ಮೇಲಿನವನ್ನು ಎಳೆಯಿರಿ. ಆಗ ಭಾಗಗಳನ್ನು ಬಿಗಿಹಿಡಿಯುವ ಲಾಕ್ ನೀರಿನಿಂದ ಮೇಲಿರುತ್ತದೆ. ತಿರುಗಿಸುವ ಲಾಕಿನೊಳಗೆ ನಮ್ಮ ಕೆಮ್ಮಣ್ಣು ಹೊಕ್ಕಿತೆಂದರೆ ಕರಕರ ಅನ್ನಲು ಶುರುವಾಗುತ್ತದೆ, ಕೊನೆಗೆ ಹಿಡಿತವೇ ಹೋಗುತ್ತದೆ. ಮನೆಗೆ ಬಂದ ಕೂಡಲೇ ಒದ್ದೆ ಕಾಲನ್ನು ಮಡಚಿಡಬೇಡಿ. ಸಿಹಿನೀರಲ್ಲಿ ತೊಳೆದು, ಎಲ್ಲ ಭಾಗ ಎಳೆದು, ಒಲೆಯಿರುವ ಕೋಣೆಯ ಒಂದು ಮೂಲೆಯಲ್ಲಿ, ಬೆಂಕಿಯಿಂದ ದೂರ, ರಾತ್ರಿಯಿಡೀ ನಿಲ್ಲಿಸಿ.

ಮತ್ತೆ ಡಬ್ಬಿಯಲ್ಲಿ ಬರುವ, ಸ್ಕ್ರೂ ಬಿಗಿಯುವ ಆರು ಮೂಲೆಯ ಪುಟ್ಟ ಅಲೆನ್ ಕೀ. ಅದನ್ನು ಬ್ಯಾಗಿನಲ್ಲೇ ಇಟ್ಟುಕೊಳ್ಳಿ. ಜೀಪಿನ ಕುಲುಕಾಟಕ್ಕೆ ಕಾಲಿನ ಬುಡದ ಸ್ಕ್ರೂ ಸಡಿಲವಾಗುತ್ತದೆ. ತಡಿಯಂಡಮೋಳ್‌ನ ಬುಡದ ಊರು ಕಕ್ಕಬ್ಬೆ ದಾಟಿ ಬೆಟ್ಟ ಹತ್ತಲು ಶುರು ಮಾಡಿದ ಮೇಲೆ ಅದನ್ನು ಬಿಗಿ ಮಾಡಲು ಬೇರೆ ಏನೂ ಸಿಗುವುದಿಲ್ಲ.