ಕೇಸ್ ಶೀಟಿನಲ್ಲಿ ಕಾಣೆಯಾಗುವ ಪಾದಚಾರಿ

ಹಾಸನದ ಬಿ.ಎಂ. ರಸ್ತೆ ದಾಟುತ್ತಿದ್ದ ಅಜ್ಜಿಗೆ ಬೈಕ್ ಗುದ್ದಿ ಮೊಣಕಾಲ ಕೆಳಗಿನ ಮೂಳೆ ಮುರಿಯಿತು ಎಂದಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಬೇಕಾದ ಮೆಡಿಕೋ-ಲೀಗಲ್ ದಾಖಲೆ ಮಾಡುತ್ತಾರೆ, ಪೊಲೀಸರಿಗೆ ತಿಳಿಸುತ್ತಾರೆ. ಆದರೆ ಕೇಸ್ ಶೀಟಿನಲ್ಲಿ ಡ್ಯೂಟಿ ಡಾಕ್ಟರು ಎಷ್ಟೋ ಸಲ ‘ಆರ್‌ಟಿಎ’ ಎಂದಷ್ಟೇ ಬರೆದು ಮುಂದಕ್ಕೆ ಹೋಗುತ್ತಾರೆ. ರಸ್ತೆ ಅಪಘಾತ, ಅಷ್ಟೇ. ಎದುರಿಗೆ ರಕ್ತ ಸುರಿಯುತ್ತಿರುವಾಗ ಅವರನ್ನು ದೂರಲೂ ಆಗುವುದಿಲ್ಲ.

ಡಿಸ್ಚಾರ್ಜ್ ಆದ ಮೇಲೆ ಫೈಲು ಮೆಡಿಕಲ್ ರೆಕಾರ್ಡ್ ವಿಭಾಗಕ್ಕೆ ಬರುತ್ತದೆ. ಅಲ್ಲಿ ಕಾಯಿಲೆ, ಗಾಯ ಮತ್ತು ಅದರ ಕಾರಣಕ್ಕೆ ಐಸಿಡಿ ಎಂಬ ಅಂತರರಾಷ್ಟ್ರೀಯ ಪಟ್ಟಿಯ ಕೋಡ್ ಹಾಕುತ್ತಾರೆ. ಮೂಳೆ ಮುರಿತಕ್ಕೆ ಎಸ್82 ಎಂಬ ಕೋಡ್ ಸುಲಭವಾಗಿ ಸಿಗುತ್ತದೆ. ಅಜ್ಜಿ ನಡೆದು ಹೋಗುತ್ತಿದ್ದರಾ, ಬೈಕಿನ ಹಿಂದೆ ಕೂತಿದ್ದರಾ? ಫೈಲಿನಲ್ಲಿ ಇಲ್ಲ. ಊಹಿಸಿ ಬರೆಯುವ ಹಾಗೂ ಇಲ್ಲ. ಹಾಗಾಗಿ ವಿ89.2 ಬೀಳುತ್ತದೆ: ಯಾವುದೋ ಮೋಟಾರು ವಾಹನದ ಅಪಘಾತದಲ್ಲಿ ಯಾರಿಗೋ ಪೆಟ್ಟು.

ಈ ಕೋಡುಗಳಿಗೆ ನೂರು ವರ್ಷ ದಾಟಿದ ಚರಿತ್ರೆಯಿದೆ. 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಲಾನ್ ಸಾವಿನ ಕಾರಣಗಳ ಪಟ್ಟಿ ಮುಂದಿಟ್ಟರು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಗೆತ್ತಿಕೊಂಡಿತು. ಆಗಲೇ ಗಾಯಕ್ಕೆ ಒಂದು, ಅದು ಹೇಗಾಯಿತು ಎನ್ನುವುದಕ್ಕೆ ಇನ್ನೊಂದು ಕೋಡ್ ಬಂತು. ಒಂಬತ್ತನೇ ಆವೃತ್ತಿಯಲ್ಲಿ ಅಪಘಾತದ ಬಗೆ ಮೊದಲು. ಪೆಟ್ಟು ತಿಂದವರು ಯಾರು ಎನ್ನುವುದು ಚುಕ್ಕಿಯ ಆಚೆಗಿನ ಅಂಕಿಯಲ್ಲಿತ್ತು. 1990ರಲ್ಲಿ ಒಪ್ಪಿಗೆ ಪಡೆದ ಹತ್ತನೇ ಆವೃತ್ತಿ ಇದನ್ನು ತಿರುಗಿಸಿ ಹಾಕಿತು. ಯಾರಿಗೆ ಪೆಟ್ಟಾಯಿತು ಎನ್ನುವುದೇ ಮೊದಲಾಯಿತು. ಸಾರಿಗೆ ಅಪಘಾತಗಳ ಪಟ್ಟಿ ಶುರುವಾಗುವುದೇ ಪಾದಚಾರಿಯಿಂದ, ವಿ01ರಿಂದ ವಿ09ರವರೆಗೆ. ಬೈಕ್ ಅಥವಾ ಆಟೋ ಗುದ್ದಿದರೆ ವಿ02, ಕಾರಾದರೆ ವಿ03, ಲಾರಿ, ಬಸ್ಸಾದರೆ ವಿ04. ನನ್ನ ಮಟ್ಟಿಗೆ ಇದು ದೊಡ್ಡ ಬದಲಾವಣೆ.

ಪಾದಚಾರಿ ಎಂದರೆ ಯಾರು ಎನ್ನುವುದನ್ನೂ ಅದು ವಿಶಾಲವಾಗಿಯೇ ನೋಡುತ್ತದೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆಯುವವರು ಸರಿ, ಶಿರಾಡಿ ಘಾಟಿಯಲ್ಲಿ ಕೆಳಗಿಳಿದು ಟೈರ್ ಬದಲಿಸುವ ಲಾರಿ ಡ್ರೈವರ್ ಕೂಡ ಲೆಕ್ಕಕ್ಕೆ ಪಾದಚಾರಿಯೇ. ಬೇರೇನೂ ವಿವರವಿಲ್ಲದೆ ‘ವಾಹನ ಹರಿದು’ ಎಂದಷ್ಟೇ ಇದ್ದರೂ ಪಾದಚಾರಿ ಎಂದೇ ಹಿಡಿಯಬೇಕು. ‘ಆರ್‌ಟಿಎ’ಯಲ್ಲಿ ಅಷ್ಟೂ ಇರುವುದಿಲ್ಲವಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಹೆಚ್ಚುಕಮ್ಮಿ ಐವರಲ್ಲಿ ಒಬ್ಬರು ಪಾದಚಾರಿ. ಇದು ಪೊಲೀಸರ ಲೆಕ್ಕ. ದೂರು ಕೊಡದೆ ರಾಜಿಯಾದವರು, ಕುಂಟುತ್ತಾ ಮನೆಗೆ ಹೋದವರು ಇದರಲ್ಲಿ ಬರುವುದಿಲ್ಲ. ಅವರನ್ನು ಹಿಡಿದಿಡಬಲ್ಲದ್ದು ಆಸ್ಪತ್ರೆಯ ದಾಖಲೆ ಮಾತ್ರ. 2025ರ ಸೆಪ್ಟೆಂಬರ್ 12ರಂದು ಮೊಸಳೆಹೊಸಹಳ್ಳಿಯಲ್ಲಿ ಗಣೇಶನ ಮೆರವಣಿಗೆಗೆ ಲಾರಿ ನುಗ್ಗಿದ್ದು ಇಡೀ ರಾಜ್ಯಕ್ಕೆ ಗೊತ್ತಾಯಿತು. ಒಬ್ಬೊಬ್ಬರಾಗಿ ಬೀಳುವವರ ಸುದ್ದಿ ಯಾರಿಗೂ ಮುಟ್ಟುವುದಿಲ್ಲ. ಯಾವ ತಿರುವಿನಲ್ಲಿ ಜಾಸ್ತಿ ಜನ ಬೀಳುತ್ತಾರೆ, ಎಲ್ಲಿ ಫುಟ್‌ಪಾತ್ ಬೇಕು ಎಂದು ಕೇಳಲು ಲೆಕ್ಕ ಬೇಕು ಅಲ್ವಾ?

ಸಾವಾದರೂ ಇದೇ ಕಥೆ. ಮರಣ ಕಾರಣದ ಫಾರಂ 4ರಲ್ಲಿ ಗಾಯ ಹೇಗಾಯಿತು ಎಂದು ಬರೆಯಲು ಜಾಗವಿದೆ. ಸುಮ್ನೆ ‘ತಲೆಗೆ ಪೆಟ್ಟು’ ಎಂದು ಬರೆದು ಬಿಟ್ಟರೆ ರಸ್ತೆಯೇ ಕಾಣುವುದಿಲ್ಲ.

ಜೊತೆಗೆ ಹೋದವರು ಡಾಕ್ಟರಿಗೆ ಬಿಡಿಸಿ ಹೇಳಬೇಕು: ನಡೆಯುತ್ತಿದ್ದರು, ಇಂಥ ಕಡೆ, ಇಂಥ ವಾಹನ ಗುದ್ದಿತು. ಗುದ್ದಿದವರು ನಿಲ್ಲಿಸದೆ ಹೋಗಿದ್ದರೆ ಅದನ್ನೂ ಬರೆಸಬೇಕು. ಅಂಥ ಪ್ರಕರಣದಲ್ಲಿ ವಾಹನದ ಪತ್ತೆಯೇ ಆಗದಿದ್ದರೆ, 2022ರ ಏಪ್ರಿಲ್‌ನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರವಿದೆ. ಅರ್ಜಿ ಹಾಕುವಾಗ ಆಸ್ಪತ್ರೆಯ ಈ ಕಾಗದಗಳೇ ಆಧಾರ.