ಸಿಮ್ಯುಲೇಷನ್ ನಡೆಸುವವನು ದೇವರಾಗಿಬಿಡುತ್ತಾನೆಯೇ?

ನಾನು ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡುವವನು. ಎಐ ಬಂದ ಮೇಲೆ ನನ್ನನ್ನು ಹುಡುಕಿಕೊಂಡು ಬರುವ ಸಾಫ್ಟ್‌ವೇರ್ ಹುಡುಗರು ಜಾಸ್ತಿಯಾಗಿದ್ದಾರೆ. ಖುಷಿಯೇ. ಆದರೆ ಎಲ್ಲರದೂ ಒಂದೇ ಮಾತು: "ಸಾರ್, ನಾವೆಲ್ಲ ಸಿಮ್ಯುಲೇಷನ್ ಒಳಗಿದ್ದೀವಿ, ಯಾರೋ ಕಂಪ್ಯೂಟರ್‌ನಲ್ಲಿ ನಡೆಸ್ತಿರೋ ಕೃತಕ ಜಗತ್ತು ಇದು ಅಂತ ಪ್ರೂವ್ ಆಗಿದೆ. ಅಂದ್ರೆ ಮಾಡಿದವನು ಒಬ್ಬ ಇದ್ದಾನೆ. ಅವನೇ ದೇವರು, ಅಲ್ವಾ?"

ಅಲ್ಲ. ಮೊದಲನೆಯದೂ ಅಲ್ಲ, ಎರಡನೆಯದೂ ಅಲ್ಲ.

ಈ ಮಾತಿನ ಮೂಲ, ತತ್ವಶಾಸ್ತ್ರಜ್ಞ ನಿಕ್ ಬೋಸ್ಟ್ರಮ್ 2003ರಲ್ಲಿ ಬರೆದ ಲೇಖನ. ಅದು ಹೇಳುವುದು ಇಷ್ಟೇ. ಮೂರರಲ್ಲಿ ಒಂದಾದರೂ ನಿಜವಿರಬೇಕು. ಇಂಥ ಜಗತ್ತನ್ನು ನಡೆಸುವಷ್ಟು ಕಂಪ್ಯೂಟರ್ ಶಕ್ತಿ ಕೈಗೆ ಬರುವ ಮೊದಲೇ ನಮ್ಮಂಥವರು ಹೆಚ್ಚುಕಡಿಮೆ ಅಳಿದುಹೋಗುತ್ತಾರೆ. ಅಥವಾ, ಶಕ್ತಿ ಬಂದರೂ ತಮ್ಮ ಪೂರ್ವಜರ ಸಿಮ್ಯುಲೇಷನ್ ನಡೆಸುವ ಗೋಜಿಗೆ ಹೋಗುವುದಿಲ್ಲ. ಅಥವಾ, ನಾವು ಬಹುತೇಕ ಖಂಡಿತವಾಗಿ ಸಿಮ್ಯುಲೇಷನ್ ಒಳಗಿದ್ದೇವೆ. ಮೂರನೆಯದೇ ಸರಿ ಎಂದು ಆ ಲೇಖನ ತೀರ್ಪು ಕೊಡುವುದಿಲ್ಲ. ಚಿಪ್‌ನಲ್ಲೂ ಪ್ರಜ್ಞೆ ಹುಟ್ಟಬಹುದು ಎಂಬುದನ್ನು ಅದು ಮೊದಲೇ ಒಪ್ಪಿಕೊಂಡು ಹೊರಡುತ್ತದೆ. ಚಾಟ್‌ಬಾಟ್ ಚೆನ್ನಾಗಿ ಮಾತಾಡಿದ ಮಾತ್ರಕ್ಕೆ ಅದು ಸಾಬೀತಾಗುವುದಿಲ್ಲ.

ಸರಿ, ಮೂರನೆಯದೇ ನಿಜ ಅಂತಲೇ ಇಟ್ಟುಕೊಳ್ಳಿ. ಸಿಮ್ಯುಲೇಷನ್ ನಡೆಸುವವನೂ ಯಾವುದೋ ಒಂದು ಜಗತ್ತಿನಲ್ಲಿ ಕೂತಿರಬೇಕಲ್ಲ? ಆ ಜಗತ್ತನ್ನು ಯಾರು ಮಾಡಿದರು? ಪ್ರಶ್ನೆ ಬಗೆಹರಿಯಲಿಲ್ಲ, ಒಂದು ಮಹಡಿ ಮೇಲೆ ಹೋಯಿತು ಅಷ್ಟೇ. ಅವನೂ ಇನ್ನೊಬ್ಬರ ಸಿಮ್ಯುಲೇಷನ್ ಒಳಗಿರಬಹುದು. ಇದನ್ನು ಬೋಸ್ಟ್ರಮ್ ಅವರೇ ಬರೆದಿದ್ದಾರೆ. ನಡೆಸುವವನು ಒಬ್ಬನೋ, ಒಂದು ಟೀಮೋ? ಒಳ್ಳೆಯವನೋ? ಆನ್ ಮಾಡಿ ಊಟಕ್ಕೆ ಹೋದವನೋ? ವಾದ ಏನೂ ಹೇಳುವುದಿಲ್ಲ.

ಇದು ಹೊಸ ಜಗಳವೂ ಅಲ್ಲ. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತೃ ಇರಲೇಬೇಕು ಎಂದು ನೈಯಾಯಿಕರು, ಅಂದರೆ ನ್ಯಾಯ ದರ್ಶನದ ತಾರ್ಕಿಕರು, ವಾದಿಸಿದರು. ಅದನ್ನು ಬಿಡಿಸಿ ಹಾಕಿದವರಲ್ಲಿ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರೂ ಒಬ್ಬರು. ನಾಸ್ತಿಕರಲ್ಲ ನೋಡಿ, ಪರಮ ಭಕ್ತರು! ಮಡಕೆಗಳನ್ನೆಲ್ಲ ಒಬ್ಬನೇ, ಒಂದೇ ಕಾಲದಲ್ಲಿ ಮಾಡಿದ್ದಲ್ಲ. ಹಾಗಿರುವಾಗ ಬೆಟ್ಟ, ನೆಲವೆಲ್ಲ ಒಬ್ಬನದೇ ಕೆಲಸ ಎಂದು ಹೇಗೆ ಹೇಳುತ್ತೀರಿ? ಊಹೆಯ ದಾರಿಯಲ್ಲಿ ಹೋದರೆ ಸಿಗುವುದು ಮೈಕೈ ಇರುವ, ಮಿತಿಗಳಿರುವ ಕುಂಬಾರನಂಥವನು. ದೇವರನ್ನು ತಿಳಿಯಲು ಶಾಸ್ತ್ರವೇ ದಾರಿ ಎಂಬುದು ರಾಮಾನುಜರ ಬ್ರಹ್ಮಸೂತ್ರ ವ್ಯಾಖ್ಯಾನವಾದ ಶ್ರೀಭಾಷ್ಯದ ನಿಲುವು. 1779ರಲ್ಲಿ ಅಚ್ಚಾದ, ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮನ ಧರ್ಮದ ಕುರಿತ ಸಂವಾದಗಳಲ್ಲೂ ಇಂಥದೇ ಆಕ್ಷೇಪವಿದೆ: ಮನೆ ಕಟ್ಟಲು, ಹಡಗು ಕಟ್ಟಲು ಎಷ್ಟೋ ಜನ ಸೇರುತ್ತಾರಲ್ಲ?

ದೇವರಿಲ್ಲ ಎಂದು ನಾನು ಹೇಳುತ್ತಿಲ್ಲ. ಈ ವಾದ ಅಲ್ಲಿಗೂ ಮುಟ್ಟಿಸುವುದಿಲ್ಲ, ಇಲ್ಲಿಗೂ ಮುಟ್ಟಿಸುವುದಿಲ್ಲ.

ಒಬ್ಬ ಹುಡುಗ ಇದೇ ವಾದ ನಂಬಿ ಸಂಧ್ಯಾವಂದನೆ ಬಿಟ್ಟ. ಅವನ ರೂಮ್‌ಮೇಟ್ ಇದೇ ವಾದ ನಂಬಿ ಪ್ರತಿ ಶನಿವಾರ ದೇವಸ್ಥಾನಕ್ಕೆ ಹೋಗಲು ಶುರು ಮಾಡಿದ. ಮೊದಲನೆಯವನ ತಂದೆ ಫೋನ್ ಮಾಡಿದರು. "ಮೇಷ್ಟ್ರೇ, ನೀವಾದರೂ ಅವನಿಗೆ ಬುದ್ಧಿ ಹೇಳಿ."

"ನಿನ್ನ ವಾದ ಸರಿಯಿಲ್ಲ ಅಂತ ಹೇಳಬಲ್ಲೆ ಯಜಮಾನ್ರೇ. ಸಂಧ್ಯಾವಂದನೆ ಮಾಡು ಅಂತ ಹೇಳೋದು ನನ್ನ ಕೆಲಸ ಅಲ್ಲ."

ಸ್ವಲ್ಪ ಹೊತ್ತು ಯೋಚಿಸಿದರು. "ಆಗಲಿ, ಅಷ್ಟಾದರೂ ಹೇಳಿ. ಉಳಿದದ್ದು ಅವರಮ್ಮ ನೋಡ್ಕೊಳ್ತಾಳೆ."