ಸೀಳಿದ ಬಿದಿರಿನಂಥ ಜಡ್ಜ್

ಯಾರಿಗೂ ಬಗ್ಗದ ಮನುಷ್ಯನಿಗೆ ಕೊರಿಯಾದವರು ‘ದೇಜೋಕ್’ ಅಂತಾರೆ. ಸೀಳಿದ ಬಿದಿರು ಎಂದರ್ಥ. ಬಿದಿರು ಒಮ್ಮೆ ಸೀಳಿತೆಂದರೆ ಕೊನೆಯವರೆಗೂ ನೆಟ್ಟಗೇ ಹೋಗುತ್ತದೆ, ಅಲ್ವಾ? ಈ ಹೆಸರು ಗಟ್ಟಿಯಾಗಿ ಅಂಟಿಕೊಂಡಿದ್ದು ಲೀ ಹೊಯ್-ಚಾಂಗ್ ಅವರಿಗೆ. ಸುಪ್ರೀಂ ಕೋರ್ಟ್‌ನಿಂದ ಬಂದು ದಕ್ಷಿಣ ಕೊರಿಯಾದ ಬಲಪಂಥದ ನಾಯಕರಾದ ಅವರು ಮೂರು ಸಲ ಅಧ್ಯಕ್ಷ ಚುನಾವಣೆಗೆ ನಿಂತು ಮೂರೂ ಸಲ ಸೋತರು.

ಹುಟ್ಟಿದ್ದು 1935ರಲ್ಲಿ, ಈಗ ಉತ್ತರ ಕೊರಿಯಾಕ್ಕೆ ಸೇರಿದ ಹ್ವಾಂಗ್‌ಹೇ ಪ್ರಾಂತ್ಯದಲ್ಲಿ. 1960ರಲ್ಲಿ ಜಡ್ಜ್ ಆದರು. ಮರುವರ್ಷವೇ ಪಾರ್ಕ್ ಚುಂಗ್-ಹೀ ಸೇನೆಯ ಬಲದಿಂದ ಅಧಿಕಾರ ಹಿಡಿದರು. ಆಗ ‘ಕ್ರಾಂತಿ ನ್ಯಾಯಾಲಯ’ವೊಂದು ‘ಮಿಂಜೊಕ್ ಇಲ್ಬೊ’ ಪತ್ರಿಕೆಯ ಪ್ರಕಾಶಕ ಚೋ ಯೊಂಗ್-ಸೂಗೆ ಗಲ್ಲು ಶಿಕ್ಷೆ ಕೊಟ್ಟಿತು. ಆ ಪೀಠದಲ್ಲಿ 26ರ ಹರೆಯದ ಲೀ ಕೂಡ ಇದ್ದರು. ಡಿಸೆಂಬರ್‌ನಲ್ಲಿ ಚೋ ಅವರನ್ನು ಗಲ್ಲಿಗೇರಿಸಲಾಯಿತು.

ಬಿದಿರಿನ ಹೆಸರು ಬಂದದ್ದು ಆಮೇಲೆ. 1981ರಲ್ಲಿ ಸುಪ್ರೀಂ ಕೋರ್ಟ್ ಸೇರಿದ ಲೀ, ಮಿಲಿಟರಿ ಸರ್ಕಾರದ ಕಾಲದಲ್ಲೂ ಪೀಠದ ಉಳಿದವರಿಗಿಂತ ಬೇರೆ ತೀರ್ಪು ಬರೆಯಲು ಹಿಂಜರಿಯಲಿಲ್ಲ. ಚುನಾವಣಾ ಆಯೋಗದ ಮುಖ್ಯಸ್ಥರಾಗಿದ್ದಾಗ 1989ರ ಉಪಚುನಾವಣೆಗಳಲ್ಲಿ ಎಲ್ಲ ಪಕ್ಷಗಳೂ ಕಾನೂನು ಗಾಳಿಗೆ ತೂರಿದವು. ಎಚ್ಚರಿಸಿದರೂ ಯಾರೂ ಕೇಳದಿದ್ದಾಗ ರಾಜೀನಾಮೆ ಕೊಟ್ಟು ಹೊರನಡೆದರು. 1993ರಲ್ಲಿ ಅಧ್ಯಕ್ಷ ಕಿಮ್ ಯಂಗ್-ಸಾಮ್, ಲೀ ಅವರನ್ನು ಲೆಕ್ಕಪರಿಶೋಧನಾ ಮಂಡಳಿಗೆ ತಂದರು. ಅಲ್ಲಿ ಲೀ ಸೇನೆಯ ಶಸ್ತ್ರಾಸ್ತ್ರ ಖರೀದಿಯ ಕಡತಗಳನ್ನೇ ಕೆದಕಿದರು. ಅದೇ ಡಿಸೆಂಬರ್‌ನಲ್ಲಿ ಪ್ರಧಾನಿಯಾದರು. ಆ ದೇಶದಲ್ಲಿ ಪ್ರಧಾನಿ ಎಂದರೆ ಅಧ್ಯಕ್ಷರ ನೆರಳು. ಸುಮ್ನೆ ಸಹಿ ಹಾಕಿಕೊಂಡು ಕೂರಲು ಲೀ ಒಪ್ಪಲಿಲ್ಲ. ಅಧಿಕಾರದ ಜಗಳದಲ್ಲಿ 127 ದಿನಕ್ಕೇ ಹುದ್ದೆ ಹೋಯಿತು, ಜನಪ್ರಿಯತೆ ಬಂತು.

1997ರಲ್ಲಿ ಲೀ ಅಧ್ಯಕ್ಷ ಚುನಾವಣೆಗೆ ನಿಂತರು. ಅವರ ಇಬ್ಬರು ಗಂಡುಮಕ್ಕಳಿಗೂ ತೂಕ ಕಮ್ಮಿ ಎಂದು ಸೇನಾ ಸೇವೆಯಿಂದ ವಿನಾಯಿತಿ ಸಿಕ್ಕಿದ್ದ ಸಂಗತಿ ಆಗ ದೊಡ್ಡ ಗುಲ್ಲಾಯಿತು. ದೊಡ್ಡ ಮಗನ ಎತ್ತರ 179 ಸೆಂಟಿಮೀಟರ್, ತೂಕ 45 ಕಿಲೊ ಎಂಬುದು ದಾಖಲೆ. ಪ್ರತಿ ಮನೆಯಿಂದಲೂ ಹುಡುಗರು ಕಡ್ಡಾಯವಾಗಿ ಸೇನೆಗೆ ಹೋಗುವ ದೇಶ ಅದು. ಬೇರೆ ರಾಜಕಾರಣಿಯಾಗಿದ್ದರೆ ಜನ ನಾಲ್ಕು ಮಾತು ಬೈದು ಮರೆಯುತ್ತಿದ್ದರೇನೋ. ತಕ್ಕಡಿ ಹಿಡಿದು ಹೆಸರು ಮಾಡಿದವರ ಮನೆಯಲ್ಲೇ ತೂಕದ ಪ್ರಶ್ನೆ ಎದ್ದರೆ ಬಿಡುತ್ತಾರೆಯೇ? ಮೇಲಿಂದ ಆರ್ಥಿಕ ಕುಸಿತ. ಸಾಲದ್ದಕ್ಕೆ ಪಕ್ಷದ ಟಿಕೆಟ್ ಸಿಗದ ಲೀ ಇನ್-ಜೆ ಬೇರೆಯಾಗಿ ನಿಂತು 49 ಲಕ್ಷ ಮತ ಒಯ್ದರು. ಎದುರಾಳಿ ಕಿಮ್ ದೇ-ಜುಂಗ್ ಗೆದ್ದದ್ದು ಬರೀ 3,90,557 ಮತಗಳಿಂದ.

2002ರ ಅಧ್ಯಕ್ಷ ಚುನಾವಣೆಯಲ್ಲಿ ಮಕ್ಕಳ ವಿಷಯ ಮತ್ತೆ ಎದ್ದಿತು. ಲಂಚ ಕೊಟ್ಟಿದ್ದಕ್ಕೆ ಟೇಪ್ ಇದೆ ಎಂದು ಹೇಳಿಕೊಂಡ ಮಾಜಿ ಸೈನಿಕನೇ ಆಮೇಲೆ ಜೈಲಿಗೆ ಹೋದ. ಆದರೆ ಅಷ್ಟರಲ್ಲಿ ಮತದಾನ ಮುಗಿದಿತ್ತು. ಎದುರಾಳಿ ರೋ ಮೂ-ಹ್ಯುನ್ 5.7 ಲಕ್ಷ ಮತಗಳಿಂದ ಗೆದ್ದಿದ್ದರು.

ನನ್ನ ಪ್ರಕಾರ ಬಿದಿರು ನಿಜಕ್ಕೂ ಮುರಿದದ್ದು ಮರುವರ್ಷ. ಲೀ ಅವರ ಪ್ರಚಾರಕ್ಕೆ ಎಲ್‌ಜಿ ಕಂಪನಿಯವರು 1,500 ಕೋಟಿ ವೊನ್ ನಗದನ್ನು ಡಬ್ಬಗಳಲ್ಲಿ ತುಂಬಿ, ಹೆದ್ದಾರಿ ಬದಿಯಲ್ಲಿ ಲಾರಿ ಸಮೇತ ಒಪ್ಪಿಸಿದ್ದು ಬಯಲಾಯಿತು. ಜನ ಪಕ್ಷವನ್ನೇ ‘ಲಾರಿ ಪಕ್ಷ’ ಎಂದು ಗೇಲಿ ಮಾಡಿದರು. ಲೀ ತಾವಾಗಿಯೇ ತನಿಖಾಧಿಕಾರಿಗಳ ಮುಂದೆ ಹೋಗಿ ಹೊಣೆ ಹೊತ್ತರು. ಅವರ ಮೇಲೆ ಕೇಸು ಬೀಳಲಿಲ್ಲ.

ನವೆಂಬರ್ 2007ರಲ್ಲಿ ಪಕ್ಷ ಬಿಟ್ಟು, ಡಿಸೆಂಬರ್‌ನ ಅಧ್ಯಕ್ಷ ಚುನಾವಣೆಗೆ ಒಂಟಿಯಾಗಿ ನಿಂತರು. 15 ಪರ್ಸೆಂಟ್ ಮತ, ಮೂರನೇ ಸ್ಥಾನ. ಮರುತಿಂಗಳು, ಅವರು ಹೊಸ ಪಕ್ಷ ಕಟ್ಟುವ ಓಡಾಟದಲ್ಲಿದ್ದಾಗ, ಸೋಲ್‌ನ ನ್ಯಾಯಾಲಯವೊಂದು ಮರುವಿಚಾರಣೆ ಮುಗಿಸಿ ಚೋ ಯೊಂಗ್-ಸೂ ನಿರಪರಾಧಿ ಎಂದು ತೀರ್ಪು ಕೊಟ್ಟಿತು. ಗಲ್ಲಿಗೇರಿಸಿ 46 ವರ್ಷವಾಗಿತ್ತು.